ಪಾರ್ಕಿಂಗ್ ಎಂದು ಬರೆದ ಜಾಗ

ನಮ್ಮ ಮನೆಗೆ ಮೊದಲ ಮೋಲ್ಡ್ ಹಾಕಿದ ದಿನ ಮಳೆ ಬರುತ್ತಿತ್ತು.

ಈ ವಾಕ್ಯ ಬರೆದು ಎರಡು ದಿನ ಬಿಟ್ಟು ಮತ್ತೆ ಓದಿದೆ. ಸುಳ್ಳು. ಮಳೆಯಲ್ಲಿ ಯಾವ ಮೇಸ್ತ್ರಿಯೂ ಛಾವಣಿಗೆ ಕಾಂಕ್ರೀಟ್ ಸುರಿಸುವುದಿಲ್ಲ. ಆ ದಿನದ ಒಂದು ಫೋಟೊ ನನ್ನ ಹತ್ತಿರ ಇದೆ. ಅದರಲ್ಲಿ ಅಮ್ಮ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ನಿಂತಿದ್ದಾಳೆ. ಮಳೆ ಬಂದದ್ದು ಎಷ್ಟೋ ವರ್ಷಗಳ ನಂತರ, ಬೇರೊಂದು ಮಧ್ಯಾಹ್ನ, ಒಂದು ವೈರಿನ ಮೇಲೆ. ನನ್ನ ನೆನಪು ಎರಡನ್ನೂ ಒಂದೇ ದಿನಕ್ಕೆ ತಂದು ಕಟ್ಟಿದೆ. ಒಂದರಿಂದ ಇನ್ನೊಂದು ತಾನಾಗಿ ಹುಟ್ಟಿತು, ನಡುವೆ ನಾನು ಮಾಡಿದ್ದು ಏನೂ ಇಲ್ಲ ಎಂದು ತೋರಿಸುವುದಕ್ಕೆ ಇರಬೇಕು. ಆದ್ದರಿಂದ ಮಳೆಯನ್ನು ಅಳಿಸಿ ಬಿಸಿಲಿನಿಂದ ಶುರು ಮಾಡುತ್ತೇನೆ.

ಯಲಹಂಕದಿಂದ ರಾಜಾನುಕುಂಟೆಯ ಕಡೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗೆ ನಮ್ಮ ಬಡಾವಣೆ. ಅಜ್ಜನ ಕಾಲದಲ್ಲಿ ಅಲ್ಲಿ ರಾಗಿ ಬೆಳೆಯುತ್ತಿತ್ತು. ನನ್ನ ಪಾಲಿಗೆ ಬಂದದ್ದು ಮೂವತ್ತು ನಲವತ್ತರ ಒಂದು ಸೈಟು. ಕೆಳಗೆ ಪಾರ್ಕಿಂಗ್, ಮೇಲೆ ಮೂರು ಅಂತಸ್ತು ಎಂದು ಪ್ಲಾನ್ ಮಾಡಿಸಿದೆವು. ಮೊದಲ ಅಂತಸ್ತಿನಲ್ಲಿ ನಾವು, ಉಳಿದ ಎರಡು ಬಾಡಿಗೆಗೆ.

ಮೋಲ್ಡ್ ದಿನ ಬೆಳಿಗ್ಗೆ ಅಮ್ಮ ನನಗೆ ಒಂದು ಮಾತು ಹೇಳಿದಳು. “ಇವತ್ತೊಂದಿನ ಯಾರಿಗೂ ಬ್ಯಾಡ ಅನ್ನಬ್ಯಾಡ ಕಣಪ್ಪ, ಇಲ್ಲ ಅನ್ನಬ್ಯಾಡ. ಛಾವಣಿ ಕೇಳಿಸ್ಕತದೆ.” ನಮ್ಮ ಮನೆಯಲ್ಲಿ ದೀಪವನ್ನು ಆರಿಸು ಎನ್ನುವುದಿಲ್ಲ, ದೊಡ್ಡದು ಮಾಡು ಎನ್ನುತ್ತಾರೆ. ಹೊರಡುವವರು ಹೋಗ್ತೀನಿ ಎನ್ನುವುದಿಲ್ಲ, ಹೋಗಿ ಬರ್ತೀನಿ ಎನ್ನುತ್ತಾರೆ. ಇದೂ ಅದೇ ಸಾಲಿಗೆ ಸೇರಿದ್ದು. ನಾನು ನಂಬುತ್ತಿರಲಿಲ್ಲ. ಆದರೆ ಅಮ್ಮನ ಎದುರಿಗೆ ಮೀರುತ್ತಲೂ ಇರಲಿಲ್ಲ.

ಎಲೆಕ್ಟ್ರಿಷಿಯನ್ ಬಾಗಲೂರಿನವರು, ನನಗಿಂತ ಹತ್ತು ವರ್ಷ ದೊಡ್ಡವರು. ಕಂಬಿಗಳ ನಡುವೆ ಪೈಪುಗಳನ್ನೆಲ್ಲ ಹಿಂದಿನ ದಿನವೇ ಕಟ್ಟಿ ಮುಗಿಸಿದ್ದರು. ಆದರೂ ಬೆಳಿಗ್ಗೆ ಮಿಕ್ಸರ್ ತಿರುಗಲು ಶುರುವಾಗುವ ಮುಂಚೆ ಏಣಿ ಹತ್ತಿ ಬಂದರು. ಕೈಯಲ್ಲಿ ಇನ್ನೊಂದು ಪೈಪು.

“ಸಾ, ಇದೊಂದ್ನ ಖಾಲಿ ಬುಟ್ಬುಡಾನ. ಮೀಟರ್ ಬೋರ್ಡಿಂದ ಮುಂದ್ಕೆ, ಗೇಟಿನ ಪಕ್ಕಕ್ಕೆ. ಈಗ ವೈರೇನೂ ಬ್ಯಾಡ. ಮುಂದೆ ಬ್ಯಾಟ್ರಿ ಗಾಡಿಗಳು ಬತ್ತವಂತೆ. ಚಾರ್ಜ್ ಮಾಡಕ್ಕೆ ಬೇಕಾಯ್ತದೆ.”

“ಯಾವಾಗ ಬರುತ್ತವೆ?” ಎಂದೆ.

“ಅದು ನಂಗೇನ್ ಗೊತ್ತು ಸಾ. ಪೈಪು ಇವತ್ತು ಹಾಕಿದ್ರೆ ಆಯ್ತು. ನಾಳೆ ಕಾಂಕ್ರೀಟ್ ಒಳಕ್ಕೆ ಯಾರು ಓಯ್ತಾರೆ?”

ಅಮ್ಮ ಎರಡು ಮಾರು ದೂರದಲ್ಲಿ ಕುಂಕುಮದ ಬಟ್ಟಲು ಹಿಡಿದು ನಿಂತಿದ್ದಳು. ಬೇಡ ಎನ್ನುವಂತಿರಲಿಲ್ಲ. ನಾನು “ಆಮೇಲೆ ನೋಡೋಣ” ಎಂದೆ. ಅವರು ಪೈಪನ್ನು ಪಕ್ಕದ ಮನೆಯ ಗೋಡೆಗೆ ಒರಗಿಸಿ ಇಳಿದು ಹೋದರು. ಮೇಸ್ತ್ರಿ ಮೊದಲ ಬಾಂಡ್ಲಿ ಕಾಂಕ್ರೀಟನ್ನು ಅಮ್ಮನ ಕೈಯಿಂದಲೇ ಸುರಿಸಿದರು. ಮಧ್ಯಾಹ್ನ ಕೆಲಸದವರಿಗೆಲ್ಲ ಊಟ ಹಾಕಿದೆವು, ಪಾಯಸ ಇತ್ತು. ಆಮೇಲೆ ಎಂಬುದು ಸಂಜೆ ನಾಲ್ಕು ಗಂಟೆಗೆ ಗಟ್ಟಿಯಾಗತೊಡಗಿತು.

ಇದನ್ನೂ ನಾನು ಪೂರ್ತಿ ನಂಬುವುದಿಲ್ಲ. ಈಚೆಗೆ ಎಲೆಕ್ಟ್ರಿಷಿಯನ್ನನ್ನು ಕೇಳಿದಾಗ ಅವರು, “ನಿಮ್ ಮನೇಲಿ ಏನಾಯ್ತು ಅಂತ ಗ್ಯಾಪ್ಕ ಇಲ್ಲ ಸಾ. ಎಲ್ರ ಮನೇಲೂ ಕೇಳ್ತಿದ್ದೆ. ಎಲ್ರೂ ಆಮೇಲೆ ಅಂತಲೇ ಅಂತಿದ್ರು,” ಎಂದರು.

ಬೇಡ ಎಂದು ನನಗೆ ಅನ್ನಿಸಿದ್ದಕ್ಕೆ ಕಾರಣ ಇತ್ತು. ಪೈಪಿನ ಕೊನೆ ಇಳಿಯಬೇಕಾಗಿದ್ದ ಜಾಗ ಪಾರ್ಕಿಂಗ್ ಅಲ್ಲ. ಪ್ಲಾನಿನಲ್ಲಿ ಅದು ಪಾರ್ಕಿಂಗ್. ಅಲ್ಲಿ ಎರಡು ಕಾರುಗಳನ್ನು ಮೇಲಿನಿಂದ ನೋಡಿದ ಹಾಗೆ ಬರೆದಿದ್ದರು, ಎರಡು ಸೋಪಿನ ಡಬ್ಬಿ ಇಟ್ಟ ಹಾಗೆ. ನಮ್ಮ ಬೀದಿಯಲ್ಲಿ ಪ್ಲಾನ್ ಎಂದರೆ ಕಚೇರಿಗೆ ತೋರಿಸುವುದು, ಮನೆ ಎಂದರೆ ನಾವು ಕಟ್ಟುವುದು. ಎಲ್ಲರೂ ಹಾಗೇ. ನೋಡುವವರು ನೋಡಿಕೊಂಡು ಹೋದ ಮೇಲೆ ಆ ಜಾಗಕ್ಕೆ ಮೂರು ಗೋಡೆ ಎಬ್ಬಿಸಿ, ಮುಂದೆ ಶೆಟರ್ ಇಳಿಬಿಟ್ಟು ಅಂಗಡಿ ಮಾಡುತ್ತಾರೆ. ನಾವೂ ಮಾಡಿದೆವು. ನೀರಿನ ಕ್ಯಾನ್ ಮಾರುವವರೊಬ್ಬರು ಬಂದರು. ಮೆಟ್ಟಿಲ ಪಕ್ಕದಲ್ಲಿ ಮೂರು ದ್ವಿಚಕ್ರ ವಾಹನ ಒಂದರ ಹಿಂದೆ ಒಂದು ನಿಲ್ಲುವಷ್ಟು ಓಣಿ ಉಳಿಯಿತು. ಅದನ್ನೇ ಪಾರ್ಕಿಂಗ್ ಎಂದು ಕರೆಯುತ್ತಾ ಬಂದೆವು.

ಎರಡನೇ ಅಂತಸ್ತಿಗೆ ಒಬ್ಬ ಹೆಣ್ಣುಮಗಳು ಬಾಡಿಗೆಗೆ ಬಂದರು. ಜೊತೆಗೆ ಎರಡನೇ ಕ್ಲಾಸಿನ ಮಗಳು. ಗಂಡನ ವಿಷಯ ಅವರು ಹೇಳಲಿಲ್ಲ, ನಾವು ಕೇಳಲಿಲ್ಲ. ಒಂದು ಲ್ಯಾಬಿನ ಪರವಾಗಿ ಮನೆಮನೆಗೆ ಹೋಗಿ ರಕ್ತ ತೆಗೆದುಕೊಂಡು ಬರುವುದು ಅವರ ಕೆಲಸ. ಬೆಳಿಗ್ಗೆ ಐದೂವರೆಗೆ ಹೊರಟರೆ ಹೆಬ್ಬಾಳ, ಆರ್.ಟಿ. ನಗರ, ಕೆಲವು ದಿನ ಯಶವಂತಪುರದವರೆಗೆ ಸುತ್ತಿ ಹನ್ನೊಂದಕ್ಕೆ ಲ್ಯಾಬಿಗೆ ಟ್ಯೂಬುಗಳನ್ನು ಒಪ್ಪಿಸುತ್ತಿದ್ದರು. ಮಗಳ ಶಾಲೆ ನಮ್ಮ ಬೀದಿಯ ತುದಿಯಲ್ಲೇ ಇತ್ತು. ಈ ಮನೆಯನ್ನು ಅವರು ಹಿಡಿದದ್ದೇ ಅದಕ್ಕಾಗಿ. ಬೆಳಿಗ್ಗೆ ಮಗಳು ತಾನೇ ತಲೆ ಬಾಚಿಕೊಂಡು, ನಮ್ಮ ಬಾಗಿಲು ತಟ್ಟಿ ಜಡೆಗೆ ರಬ್ಬರ್ ಹಾಕಿಸಿಕೊಂಡು ಶಾಲೆಗೆ ಹೋಗುತ್ತಿದ್ದಳು.

ಮೂರನೆಯ ವರ್ಷವೋ ನಾಲ್ಕನೆಯ ವರ್ಷವೋ ಅವರು ಹಳೆಯ ಪೆಟ್ರೋಲ್ ಗಾಡಿ ಕೊಟ್ಟು ಎಲೆಕ್ಟ್ರಿಕ್ ಸ್ಕೂಟರ್ ತಂದರು. ದಿನಕ್ಕೆ ಅಷ್ಟು ದೂರ ಸುತ್ತುವವರಿಗೆ ಅದೇ ಸರಿ ಎಂದು ಲ್ಯಾಬಿನವರೆಲ್ಲ ಹೇಳಿದ್ದರಂತೆ. ನನ್ನ ಹೆಂಡತಿ ಆರತಿ ಮಾಡಿದಳು. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟರು. ಗಾಡಿ ನಿಂಬೆಹಣ್ಣಿನ ಮೇಲೆ ಹತ್ತಿದ ಸದ್ದು ಮಾತ್ರ ಕೇಳಿಸಿತು.

ಬ್ಯಾಟರಿ ಬಿಚ್ಚಿ ಮೇಲಕ್ಕೆ ಒಯ್ಯುವಂಥದಲ್ಲ, ಗಾಡಿಯೊಳಗೇ ಕೂರಿಸಿದ್ದು. ಅವರು ಎರಡನೇ ಅಂತಸ್ತಿನ ಬಾಲ್ಕನಿಯಿಂದ ಕಿತ್ತಳೆ ಬಣ್ಣದ ವೈರೊಂದನ್ನು ಇಳಿಬಿಟ್ಟರು. ಅದು ನಮ್ಮ ಅಡುಗೆಮನೆಯ ಕಿಟಕಿಯ ಮುಂದೆ ಹಾದು, ಓಣಿಯಲ್ಲಿ ಒಂದು ಎಕ್ಸ್‌ಟೆನ್ಷನ್ ಬಾಕ್ಸಿಗೆ ಸೇರುತ್ತಿತ್ತು. ಜೋಡಣೆಯ ಜಾಗಕ್ಕೆ ಹಾಲಿನ ಕವರ್ ಸುತ್ತಿ ದಾರ ಕಟ್ಟಿದ್ದರು. ಮಧ್ಯಾಹ್ನ ಹನ್ನೆರಡಕ್ಕೆ ಬಂದು ವೈರು ಇಳಿಸಿದರೆ ನಾಲ್ಕಕ್ಕೆ ಮೇಲಕ್ಕೆ ಎಳೆದುಕೊಳ್ಳುತ್ತಿದ್ದರು.

ಮೊದಲ ದಿನವೇ ನೀರಿನ ಕ್ಯಾನಿನವರು ಅಂಗಡಿಯಿಂದ ಹೊರಗೆ ಬಂದು ನೋಡಿದರು.

“ಏನಕ್ಕಾ, ಗಾಡಿಗೆ ಡ್ರಿಪ್ ಹಾಕಿದೀರಾ?”

“ಹೂಂ ಅಣ್ಣ. ನಿಮಗೂ ಒಂದು ಬಾಟಲ್ ಹಾಕ್ಲಾ? ಯಾಕೋ ಸುಸ್ತಾದಂಗೆ ಕಾಣ್ತೀರ.”

ಬೀದಿಯಲ್ಲಿ ಆ ಮಾತು ನಿಂತುಬಿಟ್ಟಿತು. ಮಧ್ಯಾಹ್ನ ಹಾದುಹೋಗುವವರು, ಡ್ರಿಪ್ ಮುಗೀತಾ ಅಕ್ಕಾ ಎಂದು ಕೇಳುತ್ತಿದ್ದರು.

ಒಂದು ಭಾನುವಾರ ಆ ಹೆಣ್ಣುಮಗಳು ನಮ್ಮ ಬಾಗಿಲಿಗೆ ಬಂದರು. ಒಳಗೆ ಕರೆದರೂ ಕೂರಲಿಲ್ಲ.

“ಸಾರ್, ಕೆಳಗೆ ಒಂದು ಪಾಯಿಂಟ್ ಹಾಕಿಸ್ಕೊಡ್ತೀರಾ? ನನ್ನ ಮೀಟರಿಂದಾನೇ. ವೈರ್ ಇಳಿಸೋದು ನೋಡಿದ್ರೆ ನನಗೇ ಭಯ ಆಗುತ್ತೆ.”

“ಪೈಪ್ ಬಿಟ್ಟಿಲ್ಲಮ್ಮ,” ಎಂದೆ. “ಕಾಂಕ್ರೀಟ್ ಒಡೀಬೇಕಾಗುತ್ತೆ.”

“ಓ,” ಎಂದು ಮೆಟ್ಟಿಲು ಹತ್ತಿ ಹೋದರು. ಆ ಓ ಎನ್ನುವುದರಲ್ಲಿ ಅನುಮಾನ ಇರಲಿಲ್ಲ. ಮನೆಯ ಓನರ್ ತಮ್ಮ ಕಾಂಕ್ರೀಟಿನ ಬಗ್ಗೆ ಸುಳ್ಳು ಹೇಳುತ್ತಾರೆ ಎಂದು ಯಾರು ತಿಳಿಯುತ್ತಾರೆ?

ಸುಳ್ಳು ಹೊರಬೀಳಲು ಹೆಚ್ಚು ದಿನ ಬೇಕಾಗಲಿಲ್ಲ. ಸಂಪಿನ ಮೋಟರ್ ಕೆಟ್ಟು ಎಲೆಕ್ಟ್ರಿಷಿಯನ್ ಬಂದಿದ್ದಾಗ ಆ ಹೆಣ್ಣುಮಗಳೇ ಅವರನ್ನು ಕೇಳಿದರು. “ಒಡಿಯೋದ್ಯಾಕಮ್ಮ?” ಎಂದರು ಎಲೆಕ್ಟ್ರಿಷಿಯನ್. “ಗೋಡೆ ಮ್ಯಾಲೆ ಪೈಪ್ ಕೂರ್ಸಿ ಕ್ಲಿಪ್ ಒಡ್ದ್ರೆ ಒಂದೊತ್ತಿನ ಕೆಲ್ಸ.” ಆಕೆ ನನ್ನ ಕಡೆ ನೋಡಿದರು. ನಾನು ಮೋಟರನ್ನು ನೋಡಿದೆ.

ಆಕೆ ಮೇಲೆ ಹೋದ ಮೇಲೆ ಎಲೆಕ್ಟ್ರಿಷಿಯನ್ ದನಿ ತಗ್ಗಿಸಿದರು. “ಸರಿಯಾಗಿ ಮಾಡ್ಬೇಕು ಅಂದ್ರೆ ಕರೆಂಟ್ ಆಫೀಸಲ್ಲಿ ಲೋಡ್ ಜಾಸ್ತಿ ಬರ್ಸಬೇಕು ಸಾ. ಅರ್ಜಿ ಆಕಿದ್ರೆ ನೋಡಕ್ಕೆ ಬತ್ತಾರೆ. ನೋಡಕ್ಕೆ ಬಂದ್ರೆ...” ಎಂದು ಶೆಟರಿನ ಕಡೆ ಗದ್ದ ಎತ್ತಿ ತೋರಿಸಿದರು.

ನಿಜವಾಗಿ ಯಾರಾದರೂ ಬರುತ್ತಿದ್ದರೋ, ಬಂದರೂ ಪಾರ್ಕಿಂಗ್ ಎಲ್ಲಿ ಎಂದು ಕೇಳುತ್ತಿದ್ದರೋ, ನನಗೆ ಗೊತ್ತಿಲ್ಲ. ವಿಚಾರಿಸಲು ನಾನು ಹೋಗಲೇ ಇಲ್ಲ. ವಿಚಾರಿಸಿ, ತೊಂದರೆ ಏನೂ ಇಲ್ಲ ಎಂದು ಗೊತ್ತಾಗಿದ್ದರೆ ನನ್ನ ಹತ್ತಿರ ಕಾರಣವೇ ಉಳಿಯುತ್ತಿರಲಿಲ್ಲ.

“ರೀ, ಒಂದು ಪೈಪಿಗೆ ಇಷ್ಟೊಂದು ಯೋಚ್ನೆನಾ?” ಎಂದಳು ನನ್ನ ಹೆಂಡತಿ. “ಮಾಡಿಸಿ ಕೊಡಿ. ಆ ವೈರು ನಮ್ಮ ಕಿಟಕಿ ಮುಂದೇನೇ ನೇತಾಡುತ್ತೆ.”

“ಇವರಿಗೆ ಮಾಡಿಸಿದ್ರೆ ಮೇಲಿನವರೂ ಕೇಳ್ತಾರೆ.”

“ಕೇಳ್ಲಿ. ಅವರಿಗಿರೋದು ಸೈಕಲ್ಲು.”

ಇದೇ ದಿನಗಳಲ್ಲಿ ಬಡಾವಣೆಯಲ್ಲಿ ಒಂದು ಸುದ್ದಿ ಓಡಾಡಿತು. ಇನ್ನು ಮುಂದೆ ಹೊಸ ಮನೆ ಕಟ್ಟುವವರು ಗಾಡಿ ಚಾರ್ಜ್ ಮಾಡಲು ವ್ಯವಸ್ಥೆ ತೋರಿಸಿದರೆ ಮಾತ್ರ ಪ್ಲಾನಿಗೆ ಒಪ್ಪಿಗೆಯಂತೆ, ಅದನ್ನು ಕಡ್ಡಾಯ ಮಾಡುತ್ತಾರಂತೆ, ಜನರ ಆಕ್ಷೇಪಣೆ ಕೇಳುತ್ತಿದ್ದಾರಂತೆ. ಅಂತೆಗಳು ಎಷ್ಟು ನಿಜವೋ ಯಾರೂ ಪರೀಕ್ಷಿಸಲಿಲ್ಲ. ಭಾನುವಾರ ಬೆಳಿಗ್ಗೆ ಪಾರ್ಕಿನ ತಗಡಿನ ಮಾಡಿನ ಕೆಳಗೆ ನಿವಾಸಿಗಳ ಸಂಘದ ಸಭೆ ಕರೆದರು.

ಮಾತಾಡಿದವರು ಮುಖ್ಯವಾಗಿ ಇಬ್ಬರು. ಒಬ್ಬರು ನಮ್ಮ ಹಳೆಯ ಊರಿನವರೇ, ಹೊಲ ಮಾರಿದ ಮೇಲೆ ಮನೆ ಕಟ್ಟಿಸಿ ಮಾರುವ ಬಿಲ್ಡರ್ ಆದವರು. ಇನ್ನೊಬ್ಬರು ನಿವೃತ್ತ ಎಂಜಿನಿಯರ್.

“ನಮ್ಮಂಥ ಬಡವರು ಮನೆ ಕಟ್ಟೋದೇ ಕಷ್ಟ. ಅದ್ರ ಮೇಲೆ ಇದೊಂದು ಹೊರೆ,” ಎಂದರು ಬಿಲ್ಡರ್.

“ನೀವು ಯಾವಾಗ್ರೀ ಬಡವರಾಗಿದ್ದು?” ಎಂದರು ಎಂಜಿನಿಯರ್. ಎಲ್ಲರೂ ನಕ್ಕರು, ಬಿಲ್ಡರ್ ಕೂಡ.

“ಅವರು ಕೇಳ್ತಿರೋದು ಏನು? ಒಂದು ಖಾಲಿ ಪೈಪು, ಬೋರ್ಡಲ್ಲಿ ಒಂದಿಷ್ಟು ಜಾಗ,” ಎಂದು ಎಂಜಿನಿಯರ್ ಮುಂದುವರಿಸಿದರು. “ಕಟ್ಟೋವಾಗ ಅದೊಂದು ಕೆಲಸಾನೇ ಅಲ್ಲ. ಕಟ್ಟಿದ ಮೇಲೆ ಅದು ಜಗಳ.”

“ಮಳೆನೀರು ಹಿಡೀರಿ ಅಂದ್ರು. ಹಿಡಿದ್ವಾ? ಡ್ರಮ್ ಇಟ್ವಿ, ಫೋಟೊ ತೆಗೆದ್ವಿ, ಡ್ರಮ್ ಪಕ್ಕದ ಮನೆಗೆ ಕೊಟ್ವಿ. ಇದೂ ಹಂಗೇ ಆಗೋದು ಬಿಡಿ ಸಾರ್.”

“ಕೊಟ್ಟವರು ಯಾರು, ನೀವೇ ಅಲ್ವಾ?”

ಮತ್ತೆ ನಗು. ಆಗ ಬಿಲ್ಡರ್ ಸ್ವಲ್ಪ ಮುಂದಕ್ಕೆ ಬಾಗಿ ಹೇಳಿದ ಮಾತಿಗೆ ಮಾತ್ರ ಯಾರೂ ನಗಲಿಲ್ಲ. “ಹೊಸ ಮನೆ ನೋಡಕ್ಕೆ ಬಂದೋರು ಹಳೇ ಮನೆ ಕಡೆ ಕತ್ತು ತಿರುಗಿಸಲ್ಲ ಅಂತ ಏನು ಗ್ಯಾರಂಟಿ?”

ಅಲ್ಲಿ ಕೂತಿದ್ದವರಲ್ಲಿ ಹೊಸ ಮನೆ ಕಟ್ಟಬೇಕಾಗಿದ್ದವರು ಬೆರಳೆಣಿಕೆ. ಆ ನಿಯಮ ನಮ್ಮನ್ನು ಮುಟ್ಟುವಂತೆಯೇ ಇರಲಿಲ್ಲ. ಆದರೆ ಪ್ರತಿಯೊಬ್ಬರೂ ತಮ್ಮ ತಮ್ಮ ಶೆಟರನ್ನು ನೆನೆಸಿಕೊಂಡದ್ದು ಮುಖದಲ್ಲಿ ಕಾಣುತ್ತಿತ್ತು. ನನ್ನ ಮುಖ ನನಗೆ ಕಾಣಲಿಲ್ಲ.

ಆಕ್ಷೇಪಣೆ ಬರೆಯುವ ಕೆಲಸ ನನಗೆ ಬಂತು. “ನೀವೇ ಬರೀರಿ ಸಾರ್, ನಿಮ್ಮ ಕನ್ನಡ ಚೆನ್ನಾಗಿದೆ,” ಎಂದರು. ನಾನು ಬೇಡ ಎನ್ನಲಿಲ್ಲ, ಅದು ಮೋಲ್ಡ್ ದಿನವಲ್ಲದಿದ್ದರೂ.

ಎರಡು ಪುಟ ಬರೆದೆ. ಅದರ ಪ್ರತಿ ಇನ್ನೂ ಇದೆ, ಆದ್ದರಿಂದ ಇಲ್ಲಿ ನೆನಪಿನ ಮೇಲೆ ಭಾರ ಹಾಕಬೇಕಿಲ್ಲ. “ಮನೆಯೆಂಬುದು ಮನುಷ್ಯನ ಸ್ವಂತ ತೀರ್ಮಾನಗಳ ಗೂಡು. ನಾಳೆ ಬರಬಹುದಾದ ಅಗತ್ಯವೊಂದನ್ನು ಇಂದೇ ಗೋಡೆಯೊಳಗೆ ಹೂತಿಡಬೇಕೆಂಬ ಒತ್ತಾಯ ನ್ಯಾಯವಲ್ಲ.” ಸಣ್ಣ ಸೈಟುಗಳಲ್ಲಿ ಗಾಡಿ ನಿಲ್ಲಿಸಲು ಜಾಗವೇ ಇರುವುದಿಲ್ಲ ಎಂದು ಬರೆದೆ. ಇವತ್ತಿನ ಪ್ಲಗ್ಗು ಹತ್ತು ವರ್ಷದ ನಂತರ ಯಾವ ಗಾಡಿಗೂ ಹೊಂದದೆ ಹೋಗಬಹುದು ಎಂದು ಬರೆದೆ. ಬಯಸಿದವರು ಹಾಕಿಸಿಕೊಳ್ಳಲಿ, ಬಯಸದವರನ್ನು ಬಿಡಲಿ ಎಂದು ಬರೆದೆ. ಒಂದೊಂದು ವಾಕ್ಯವೂ ವಾದಕ್ಕೆ ನಿಲ್ಲುವಂಥದೇ. ಈಗಲೂ ಯಾರಾದರೂ ಅವನ್ನು ಹೇಳಿದರೆ ಕೂತು ಕೇಳುತ್ತೇನೆ. ನಾನು ಬರೆದದ್ದಕ್ಕೆ ಇದ್ದ ಕಾರಣ ಮಾತ್ರ ಆ ಎರಡು ಪುಟಗಳಲ್ಲಿ ಎಲ್ಲಿಯೂ ಇರಲಿಲ್ಲ. ಸಣ್ಣ ಸೈಟುಗಳಲ್ಲಿ ಜಾಗ ಯಾಕೆ ಇರುವುದಿಲ್ಲ ಎಂದು ನಾನು ಬರೆಯಲಿಲ್ಲ.

ಸಂಘದವರು ಅದನ್ನು ಟೈಪ್ ಮಾಡಿಸಿ ಕಳಿಸಿದರು. ಬಡಾವಣೆಯ ವಾಟ್ಸಾಪ್ ಗುಂಪಿಗೂ ಹಾಕಿದರು. ಕೆಳಗೆ ನನ್ನ ಹೆಸರಿತ್ತು. ಗುಂಪಿನಲ್ಲಿ ಬಾಡಿಗೆದಾರರೂ ಇದ್ದಾರೆ ಎಂಬುದು ಆಗ ನನ್ನ ತಲೆಗೆ ಬರಲಿಲ್ಲ.

ಈಗ ಮಳೆ.

ಮಧ್ಯಾಹ್ನ ಎರಡು ಗಂಟೆ. ಇದ್ದಕ್ಕಿದ್ದಂತೆ ದಪ್ಪ ಹನಿ ಶುರುವಾಯಿತು. ನೀರಿನ ಕ್ಯಾನಿನವರು ಕೆಳಗಿನಿಂದ “ಸಾರ್, ಬನ್ನಿ ಇಲ್ಲಿ” ಎಂದು ಕೂಗಿದರು. ಇಳಿದು ಹೋದಾಗ ಓಣಿಯಲ್ಲಿ ಪ್ಲಾಸ್ಟಿಕ್ ಸುಟ್ಟ ವಾಸನೆ. ಹಾಲಿನ ಕವರ್ ಕರಗಿ ಬಾಕ್ಸಿಗೆ ಅಂಟಿಕೊಂಡಿತ್ತು. ಪ್ಲಗ್ಗಿನ ಒಂದು ಪಕ್ಕ ಕಪ್ಪಾಗಿತ್ತು. ಮೇಲಿನಿಂದ ಆ ಹೆಣ್ಣುಮಗಳು ಸ್ವಿಚ್ ಆರಿಸಿ ಓಡಿ ಬಂದರು, ಬರಿಗಾಲಲ್ಲಿ. ಯಾರಿಗೂ ಏನೂ ಆಗಲಿಲ್ಲ. ಗಾಡಿಗೂ ಏನೂ ಆಗಲಿಲ್ಲ.

“ಇನ್ನು ಈ ವೈರು ಬೇಡಮ್ಮ,” ಎಂದೆ. “ಮನೇಲಿ ಮಕ್ಕಳಿದ್ದಾರೆ.”

ಸರಿಯಾದ ಮಾತೇ. ಆ ವೈರನ್ನು ಯಾರಾದರೂ ನಿಲ್ಲಿಸಲೇಬೇಕಾಗಿತ್ತು. ಆದರೆ ಆ ವಾಕ್ಯದ ಮುಂದೆ ಇನ್ನೊಂದು ವಾಕ್ಯ ಬರಬೇಕಾಗಿತ್ತು. ಅವರು ಅದಕ್ಕಾಗಿ ಕಾಯುತ್ತಾ ನಿಂತಿದ್ದರು, ಮಳೆಯಲ್ಲಿ. ನಾನು ಹೇಳಲಿಲ್ಲ. ನೀರಿನ ಕ್ಯಾನಿನವರು ಕೂಡ ನನ್ನ ಬಾಯಿಯನ್ನೇ ನೋಡುತ್ತಿದ್ದ ಹಾಗೆ ನೆನಪು. ಈ ನೆನಪನ್ನು ನಾನು ಸುಳ್ಳೆನ್ನಲು ಪ್ರಯತ್ನಿಸಿ ಸೋತಿದ್ದೇನೆ.

ಅಂದಿನಿಂದ ಅವರು ಲ್ಯಾಬಿನಿಂದ ನೇರ ಹೆಬ್ಬಾಳದ ಕಡೆಯ ಒಂದು ಚಾರ್ಜಿಂಗ್ ಜಾಗಕ್ಕೆ ಹೋಗುತ್ತಿದ್ದರು. ಅಲ್ಲಿ ಸಾಲು. ಮುಂದಿನವರದು ಮುಗಿಯಬೇಕು, ತಮ್ಮದು ತುಂಬಬೇಕು. ಮಗಳಿಗೆ ಶಾಲೆ ಬಿಡುವ ಹೊತ್ತಿಗೆ ಬರಲು ಆಗುತ್ತಿರಲಿಲ್ಲ. ಅವಳು ಬೀಗ ಹಾಕಿದ ಬಾಗಿಲಿನ ಮುಂದೆ, ಮೆಟ್ಟಿಲ ಮೇಲೆ ಕೂತು ಹೋಂವರ್ಕ್ ಮಾಡುತ್ತಿದ್ದಳು. ನನ್ನ ಹೆಂಡತಿ ಒಳಗೆ ಕರೆದರೆ ಬರುತ್ತಿರಲಿಲ್ಲ. “ಅಮ್ಮ ಯಾರ ಮನೆಗೂ ಹೋಗ್ಬೇಡ ಅಂದಿದಾರೆ ಆಂಟಿ,” ಎನ್ನುತ್ತಿದ್ದಳು. ಮೊದಲು ಜಡೆ ಹಾಕಿಸಿಕೊಳ್ಳಲು ಬರುತ್ತಿದ್ದ ಮಗು.

ಒಂದು ಸಂಜೆ ಅವರು ಮೇಲೆ ಹೋಗುವ ಮುಂಚೆ ನಮ್ಮ ಬಾಗಿಲಲ್ಲಿ ನಿಂತರು. ಕೈಯಲ್ಲಿ ಫೋನು.

“ಸಾರ್, ಇದು ನೀವು ಬರ್ದಿದ್ದಾ?”

ನೋಡಿದೆ. “ಹೌದಮ್ಮ. ಸಂಘದವರು ಹೇಳಿದ್ರು...”

“ತುಂಬ ಚೆನ್ನಾಗಿ ಬರ್ದಿದೀರ ಸಾರ್. ಎರಡು ಸಲ ಓದಿದೆ.”

ಅದನ್ನು ಅವರು ಹೇಗೆ ಹೇಳಿದರು? ಎಷ್ಟೋ ಸಲ ಆ ದನಿಯನ್ನು ಮತ್ತೆ ಕೇಳಿಸಿಕೊಳ್ಳಲು ನೋಡಿದ್ದೇನೆ. ಅದರಲ್ಲಿ ಚುಚ್ಚು ಇತ್ತು ಎಂದಾದರೆ ನನಗೆ ಅನುಕೂಲ. ಅವರು ನನ್ನನ್ನು ಚುಚ್ಚಿದರು, ಲೆಕ್ಕ ಸರಿಹೋಯಿತು ಎಂದುಕೊಳ್ಳಬಹುದು. ಆದರೆ ಅವರು ನಿಜವಾಗಿಯೇ ಮೆಚ್ಚಿದ ಹಾಗಿತ್ತು. ಓದುವವರು ಮೆಚ್ಚುವ ಹಾಗೆ. ಅದಾದ ಮೇಲೆ ಫೋನನ್ನು ಬ್ಯಾಗಿಗೆ ಹಾಕಿಕೊಂಡು ಕೇಳಿದರು:

“ಗೋಡೆ ಮೇಲೆ ಪೈಪ್ ಹಾಕಿಸೋದು... ಆಗಲ್ಲ ಅಲ್ವಾ ಸಾರ್?”

“ಆಮೇಲೆ ನೋಡೋಣ,” ಎಂದೆ.

“ಬೇಡ ಬಿಡಿ ಸಾರ್. ಮುಂದಿನ ತಿಂಗಳು ಖಾಲಿ ಮಾಡ್ತೀನಿ. ರಾಜಾನುಕುಂಟೆ ಆಚೆ ಒಂದು ಹೊಸ ಅಪಾರ್ಟ್‌ಮೆಂಟ್ ಇದೆ. ಚಿಕ್ಕ ಮನೆ. ಆದ್ರೆ ಪಾರ್ಕಿಂಗಲ್ಲಿ ಪಾಯಿಂಟ್ ಇದೆ.”

“ಮಗೂ ಸ್ಕೂಲು?”

“ಬಸ್ಸಿಗೆ ಹಾಕ್ತೀನಿ. ಅಭ್ಯಾಸ ಆಗುತ್ತೆ.”

ಅವರು ಬೇಡ ಎಂಬ ಮಾತನ್ನು ಎಷ್ಟು ಸುಲಭವಾಗಿ ಹೇಳಿದರು ಎಂದು ಆಗ ಅನ್ನಿಸಿತು. ಅಥವಾ ಆಗ ಅನ್ನಿಸಲಿಲ್ಲ, ಈಗ ಬರೆಯುವಾಗ ಅನ್ನಿಸುತ್ತಿದೆ.

ಹೋಗುವ ದಿನ ಸಾಮಾನನ್ನೆಲ್ಲ ಒಂದು ಸಣ್ಣ ಟೆಂಪೋದಲ್ಲಿ ಕಳಿಸಿದರು. ಕಿತ್ತಳೆ ವೈರನ್ನು ಸುರುಳಿ ಸುತ್ತಿ ಬಾಲ್ಕನಿಯಲ್ಲೇ ಬಿಟ್ಟಿದ್ದರು. ಮರೆತರೋ, ಬೇಡವೆಂದು ಬಿಟ್ಟರೋ. ನೀರಿನ ಕ್ಯಾನಿನವರು ಅದನ್ನು ಕೇಳಿ ಪಡೆದುಕೊಂಡರು.

ಆ ನಿಯಮ ಕೊನೆಗೆ ಏನಾಯಿತು ಎಂದು ನನಗೆ ಸರಿಯಾಗಿ ಗೊತ್ತಿಲ್ಲ. ಜಾರಿಗೆ ಬಂದಾಯಿತು ಎನ್ನುತ್ತಾರೆ ಕೆಲವರು. ದೊಡ್ಡ ಕಟ್ಟಡಗಳಿಗೆ ಮಾತ್ರ ಎನ್ನುತ್ತಾರೆ ಇನ್ನು ಕೆಲವರು. ನಮ್ಮ ಬೀದಿಯಲ್ಲಿ ಈ ವರ್ಷ ಎದ್ದ ಎರಡು ಮನೆಗಳಲ್ಲಿ ಒಂದಕ್ಕೆ ಪಾಯಿಂಟ್ ಇದೆ, ಒಂದಕ್ಕೆ ಶೆಟರ್ ಇದೆ. ಆದರೆ ಕಡ್ಡಾಯ ಮಾಡಬೇಕೇ ಎಂದು ಯಾರಾದರೂ ಕೇಳಿದರೆ ನಾನು ಈಗ ಆ ಎರಡು ಪುಟಗಳನ್ನು ನೆನೆಸುವುದಿಲ್ಲ, ಆ ಫೋಟೊ ನೆನೆಸುತ್ತೇನೆ. ಮೋಲ್ಡ್ ದಿನ ಕಂಬಿಗಳ ಮೇಲೆ ನಿಂತವರು ಅಮ್ಮ, ನಾನು, ಮೇಸ್ತ್ರಿ, ಕೆಲಸದವರು. ಮನೆಗೆ ಏನು ಬೇಕು, ಏನು ಬೇಡ ಎಂದು ತೀರ್ಮಾನಿಸಿದವರು ನಾವು. ಮುಂದೆ ಅಲ್ಲಿ ಬಾಡಿಗೆಗೆ ಬಂದು, ಬೆಳಿಗ್ಗೆ ಐದೂವರೆಗೆ ಗಾಡಿ ತೆಗೆಯುವವರು ಆ ಫೋಟೊದಲ್ಲಿ ಇಲ್ಲ. ಇರಲು ಸಾಧ್ಯವೂ ಇಲ್ಲ. ಅವರ ಪರವಾಗಿ ಅಲ್ಲಿ ನಿಲ್ಲಬಹುದಾಗಿದ್ದದ್ದು ಒಂದು ನಿಯಮ ಮಾತ್ರ. ಆ ದಿನ ಅಂಥ ನಿಯಮ ಇದ್ದಿದ್ದರೆ ನಾನು ಗೊಣಗುತ್ತಿದ್ದೆ, ಹಾಕಿಸುತ್ತಿದ್ದೆ, ಮರೆತೂ ಬಿಡುತ್ತಿದ್ದೆ. ನಾನು ಒಳ್ಳೆಯವನಾಗಿರಬೇಕಾದ ಅಗತ್ಯವೇ ಬೀಳುತ್ತಿರಲಿಲ್ಲ. ನಿಯಮವಿದ್ದರೂ ಶೆಟರ್ ಇಳಿಸಿದವರು ನಾವು, ಪೈಪಿಗೂ ಹಾಗೇ ಮಾಡುತ್ತಿದ್ದೆವು ಎಂದು ಬಿಲ್ಡರ್ ಹೇಳಿಯಾರು. ಹೇಳಲಿ. ಸುತ್ತ ಕಾಂಕ್ರೀಟ್ ಗಟ್ಟಿಯಾದ ಮೇಲೆ ಪೈಪನ್ನು ಕಿತ್ತು ಪಕ್ಕದ ಮನೆಗೆ ಕೊಡಲು ಬರುವುದಿಲ್ಲ.

ಇನ್ನೊಂದು ಕಾಗದ ಬರೆಯಲು ಕೂತಿದ್ದೇನೆ, ಮೊದಲಿನದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ ಎಂದು. “ನನ್ನ ಮನೆಯ ಪ್ಲಾನಿನಲ್ಲಿ ಪಾರ್ಕಿಂಗ್ ಎಂದು ತೋರಿಸಿರುವ ಜಾಗದಲ್ಲಿ ಅಂಗಡಿ ಇದೆ” ಎಂಬುದು ಅದರ ಮೊದಲ ಸಾಲು. ಎರಡನೆಯ ಸಾಲು ಇನ್ನೂ ಬಂದಿಲ್ಲ. ಅಂಗಡಿ ಇನ್ನೂ ಇದೆ.

ಪಾಯಿಂಟ್ ಮಾತ್ರ ಹಾಕಿಸಿದೆ. ಅವರು ಹೋದ ನಾಲ್ಕೈದು ತಿಂಗಳಿಗೆ. ಎಲೆಕ್ಟ್ರಿಷಿಯನ್ ಬೆಳಿಗ್ಗೆ ಬಂದವರು ತಿಂಡಿಯ ಹೊತ್ತಿಗೆ ಮುಗಿಸಿದರು. ಒಂದೊತ್ತೂ ಹಿಡಿಯಲಿಲ್ಲ. ಗೋಡೆಯ ಮೇಲೆ ಬಿಳಿ ಪೈಪು, ತುದಿಯಲ್ಲಿ ಮುಚ್ಚಳವಿರುವ ಡಬ್ಬಿ. ಯಾರೂ ನೋಡಲು ಬರಲಿಲ್ಲ, ಯಾರೂ ಕೇಳಲಿಲ್ಲ. ಎರಡನೇ ಅಂತಸ್ತಿಗೆ ಬಂದ ಹೊಸ ಬಾಡಿಗೆದಾರರದು ಪೆಟ್ರೋಲ್ ಬೈಕು.

ಮೊನ್ನೆ ಸಕ್ಕರೆ ಪರೀಕ್ಷೆ ಮಾಡಿಸಬೇಕಾಗಿತ್ತು. ಲ್ಯಾಬಿಗೆ ಫೋನ್ ಮಾಡಿದೆವು. ಬೆಳಿಗ್ಗೆ ಆರೂಕಾಲಿಗೆ ಬಾಗಿಲು ತೆಗೆದರೆ ಅವರೇ ನಿಂತಿದ್ದರು, ಹೆಗಲಲ್ಲಿ ನೀಲಿ ಬ್ಯಾಗು. ಯಾರ ಮನೆ ಎಂದು ತಿಳಿದೇ ಬಂದಿದ್ದರು. ವಿಳಾಸ ಕೇಳುವ ಕೆಲಸವೂ ಇರಲಿಲ್ಲ.

ನನ್ನ ತೋಳಿಗೆ ಪಟ್ಟಿ ಬಿಗಿದರು. “ಮುಷ್ಟಿ ಬಿಗಿ ಮಾಡಿ ಸಾರ್.” ನರ ಹುಡುಕುತ್ತಾ ತಲೆ ಬಗ್ಗಿಸಿಕೊಂಡೇ ಮಗಳ ಸುದ್ದಿ ಹೇಳಿದರು. ಬಸ್ಸು ಬೇಗ ಬರುತ್ತದಂತೆ, ಇಬ್ಬರೂ ಒಟ್ಟಿಗೇ ಏಳುತ್ತಾರಂತೆ. ಅವಳಿಗೆ ಬಸ್ಸಿನಲ್ಲಿ ವಾಂತಿ ಆಗುತ್ತದಂತೆ, ಈಗ ಸ್ವಲ್ಪ ಕಡಿಮೆಯಂತೆ. ಆರ್.ಟಿ. ನಗರದ ಮನೆಗಳು ದೂರವಾದವೆಂದು ಬೇರೆಯವರಿಗೆ ಹೋದವಂತೆ.

“ಕೆಳಗೆ ಪಾಯಿಂಟ್ ಹಾಕಿಸಿದೀನಿ,” ಎಂದೆ. “ನೋಡಿದ್ರಾ?”

“ನೋಡಿದೆ ಸಾರ್. ಬರೋವಾಗಲೇ ಕಣ್ಣಿಗೆ ಬಿತ್ತು. ಒಳ್ಳೇದಾಯ್ತು, ಯಾರಿಗಾದ್ರೂ ಆಗುತ್ತೆ.”

“ಸ್ವಲ್ಪ ಹೊತ್ತು ಹಾಕ್ಕೊಳ್ಳಿ. ಕಾಫಿ ಕುಡಿದು ಹೋಗಿ.”

“ಇನ್ನೂ ನಾಲ್ಕು ಮನೆ ಇದೆ ಸಾರ್. ಎಲ್ಲ ಖಾಲಿ ಹೊಟ್ಟೇಲಿ ಕಾಯ್ತಿರ್ತಾರೆ.”

ಸೂಜಿ ಹೊರಗೆ ತೆಗೆದರು. ಇಲ್ಲಿ ಅವರು, ಆಮೇಲೆ ನೋಡೋಣ ಸಾರ್ ಎಂದರು ಎಂದು ಬರೆಯಲು ನನ್ನ ಕೈ ಹೋಯಿತು. ಅವರು ಹಾಗೆ ಹೇಳಲಿಲ್ಲ. ಹತ್ತಿಯ ತುಣುಕನ್ನು ನನ್ನ ಬೆರಳಿನ ಕೆಳಗೆ ಇಟ್ಟು, “ಗಟ್ಟಿಯಾಗಿ ಒತ್ತಿ ಹಿಡ್ಕೊಳ್ಳಿ, ಇಲ್ಲಾಂದ್ರೆ ನೀಲಿಗಟ್ಟುತ್ತೆ,” ಎಂದರು. ಟ್ಯೂಬಿನ ಮೇಲೆ ನನ್ನ ಹೆಸರು ಬರೆದುಕೊಂಡು, ಹೋಗಿ ಬರ್ತೀನಿ ಆಂಟಿ ಎಂದು ಅಡುಗೆಮನೆಯ ಕಡೆ ಹೇಳಿ ಮೆಟ್ಟಿಲಿಳಿದರು.

ಒತ್ತಿ ಹಿಡಿದುಕೊಂಡು ಕೂತೆ. ಗಾಡಿ ಯಾವಾಗ ಹೊರಟಿತೋ ತಿಳಿಯಲಿಲ್ಲ. ಆ ಗಾಡಿಗಳಿಗೆ ಸದ್ದಿಲ್ಲ.